ಪಿತ್ತರಸ ಎಲ್ಲಿ ಹುಟ್ಟುತ್ತದೆ, ಎಲ್ಲಿ ಉಳಿಯುತ್ತದೆ, ಯಾವಾಗ ಹೊರಡುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನ್ ರಿಪೋರ್ಟಿನಲ್ಲಿ "ಗಾಲ್ ಬ್ಲಾಡರ್‌ನಲ್ಲಿ ಕಲ್ಲು" ಅಂತ ಓದುವವರೆಗೆ ಅಂಥದ್ದೊಂದು ಅಂಗ ಇದೆ ಅನ್ನುವುದೇ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಓದಿದ ಮೇಲೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಓದಬೇಕೆಂದಿಲ್ಲ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪಿತ್ತರಸವನ್ನು ವಿಷ ಅಥವಾ ಕಸ ಅಂದುಕೊಂಡಿರುವುದರಿಂದಲೇ ಅದರ ಬಗ್ಗೆ ಇಷ್ಟೊಂದು ಗೊಂದಲ ಇದೆ. ಅದು ದೇಹ ಬಹಳ ಜೋಪಾನವಾಗಿ ಮತ್ತೆ ಮತ್ತೆ ಬಳಸುವ ದ್ರವ.

## ಮೊದಲು ತಿಳಿಯಬೇಕಾದದ್ದು

ಪಿತ್ತರಸ ಮಾಡೋದು ಪಿತ್ತಕೋಶ ತಾನೇ?

ಅಲ್ಲ. ಮಾಡುವುದು ಲಿವರ್. ಪಿತ್ತಕೋಶ ಒಂದು ಹನಿ ಪಿತ್ತವನ್ನೂ ತಯಾರಿಸುವುದಿಲ್ಲ. ಲಿವರ್ ಬಲಗಡೆ ಪಕ್ಕೆಲುಬಿನ ಮರೆಯಲ್ಲಿದೆ. ದೊಡ್ಡವರಲ್ಲಿ ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ. ಹಗಲು ರಾತ್ರಿ ಅನ್ನದೆ ಕೆಲಸ ಮಾಡುತ್ತಾ ದಿನಕ್ಕೆ 500ರಿಂದ 1000 ಮಿ.ಲೀ. ಪಿತ್ತರಸ ಸುರಿಸುತ್ತದೆ. ಅದರ ಕೆಳಮೈಗೆ ಅಂಟಿಕೊಂಡ ಸಣ್ಣ ಚೀಲವೇ ಪಿತ್ತಕೋಶ, ಅಂದರೆ ಗಾಲ್ ಬ್ಲಾಡರ್. ಉದ್ದ 7ರಿಂದ 10 ಸೆಂ.ಮೀ., ಹಿಡಿಯುವುದು 30ರಿಂದ 50 ಮಿ.ಲೀ. ಬಂದ ಪಿತ್ತವನ್ನು ಗಟ್ಟಿ ಮಾಡಿ ಇಟ್ಟುಕೊಳ್ಳುವುದು, ಬೇಕಾದಾಗ ಹಿಂಡಿ ಕಳಿಸುವುದು, ಇಷ್ಟೇ ಅದರ ಕೆಲಸ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಆ ರಸದಲ್ಲಿ ಅಂಥದ್ದೇನಿದೆ?

ಲಿವರ್‌ನಿಂದ ಹೊರಡುವಾಗ ಅದರಲ್ಲಿ ಶೇ. 95ಕ್ಕಿಂತ ಜಾಸ್ತಿ ನೀರೇ. ಉಳಿದದ್ದರಲ್ಲಿ ದೊಡ್ಡ ಪಾಲು ಪಿತ್ತ ಲವಣಗಳದು. ಅವುಗಳ ಜೊತೆ ಲೆಸಿಥಿನ್ ಎಂಬ ಫಾಸ್ಫೋಲಿಪಿಡ್, ಕೊಲೆಸ್ಟ್ರಾಲ್, ಬಣ್ಣ ಕೊಡುವ ಬಿಲಿರುಬಿನ್, ಸೋಡಿಯಂ, ಬೈಕಾರ್ಬನೇಟ್ ಇರುತ್ತವೆ. ದೇಹಕ್ಕೆ ಬೇಡವಾದ ತಾಮ್ರವೂ ಲಿವರ್ ಪರಿವರ್ತಿಸಿದ ಹಲವು ಔಷಧಿಗಳೂ ಇದೇ ದಾರಿಯಲ್ಲಿ ಹೊರಹೋಗುತ್ತವೆ. ಅಂದರೆ ಒಂದೇ ದ್ರವ ಎರಡು ಕೆಲಸ ಮಾಡುತ್ತದೆ. ಕರುಳಿಗೆ ಬೇಕಾದ್ದನ್ನು ತಲುಪಿಸುತ್ತದೆ, ದೇಹಕ್ಕೆ ಬೇಡದ್ದನ್ನು ಹೊರಗೆ ಸಾಗಿಸುತ್ತದೆ.

ಪಿತ್ತರಸದಲ್ಲಿ ಜೀರ್ಣಕಾರಿ ಕಿಣ್ವವೇ ಇಲ್ಲ ಅಂತ ಓದಿದೆ. ಹಾಗಾದ್ರೆ ಕೊಬ್ಬು ಜೀರ್ಣ ಮಾಡೋದು ಹೇಗೆ?

ಸರಿಯಾಗೇ ಓದಿದ್ದೀರಿ. ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವ ಬರುವುದು ಮುಖ್ಯವಾಗಿ ಮೇದೋಜ್ಜೀರಕ ಗ್ರಂಥಿಯಿಂದ, ಅಂದರೆ ಪ್ಯಾಂಕ್ರಿಯಾಸ್‌ನಿಂದ. ಆದರೆ ಆ ಕಿಣ್ವ ಇರುವುದು ನೀರಿನಲ್ಲಿ. ಎಣ್ಣೆ ನೀರಿಗೆ ಬೆರೆಯುವುದಿಲ್ಲ. ದೊಡ್ಡ ಎಣ್ಣೆಹನಿಯ ಹೊರಮೈಯನ್ನು ಮಾತ್ರ ಕಿಣ್ವ ಮುಟ್ಟಬಲ್ಲದು, ಒಳಗೆ ಹೋಗಲಾರದು.

ಪಿತ್ತ ಲವಣ ಇಲ್ಲಿ ಸಾಬೂನಿನ ಹಾಗೆ ಕೆಲಸ ಮಾಡುತ್ತದೆ. ಅದರ ಒಂದೊಂದು ಅಣುವಿಗೂ ಎರಡು ಮುಖ. ಒಂದು ಮುಖ ನೀರಿಗೆ ಒಲಿಯುತ್ತದೆ, ಇನ್ನೊಂದು ಕೊಬ್ಬಿಗೆ. ಕರುಳು ಕಲಕುತ್ತಿರುವಾಗ ದೊಡ್ಡ ಹನಿ ಒಡೆದು ಚಿಕ್ಕದಾಗುತ್ತದೆ. ಪಿತ್ತ ಲವಣ ಮತ್ತು ಲೆಸಿಥಿನ್ ಅಣುಗಳು ಅದರ ಮೈಮೇಲೆ ಕೂತು, ಹನಿಗಳು ಮತ್ತೆ ಒಂದಾಗದಂತೆ ತಡೆಯುತ್ತವೆ. ಹನಿ ಚಿಕ್ಕದಾದಷ್ಟೂ ಒಟ್ಟು ಹೊರಮೈ ಜಾಸ್ತಿ, ಲೈಪೇಸ್‌ಗೆ ಜಾಗವೂ ಜಾಸ್ತಿ. ಒಂದು ತೊಡಕಿದೆ. ಹನಿಯ ಮೈಮೇಲೆಲ್ಲ ಪಿತ್ತ ಲವಣವೇ ಕೂತರೆ ಲೈಪೇಸ್‌ಗೆ ಕಾಲೂರಲು ಆಗುವುದಿಲ್ಲ. ಅದಕ್ಕೆಂದೇ ಪ್ಯಾಂಕ್ರಿಯಾಸ್ ಕೋಲೈಪೇಸ್ ಎಂಬ ಸಣ್ಣ ಪ್ರೋಟೀನನ್ನೂ ಕಳಿಸುತ್ತದೆ. ಅದು ಲೈಪೇಸನ್ನು ಹನಿಗೆ ಬಿಗಿದು ಹಿಡಿಯುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಒಡೆದ ಕೊಬ್ಬಿನ ತುಣುಕುಗಳು ಕರುಳಿನ ಗೋಡೆಯವರೆಗೆ ತಲುಪಬೇಕಲ್ಲ? ಪಿತ್ತ ಲವಣಗಳು ಅವನ್ನು ಸುತ್ತುವರಿದು ಮೈಸೆಲ್ ಎಂಬ ಗುಂಪು ಕಟ್ಟುತ್ತವೆ. ಒಂದೊಂದರ ಅಗಲ ಬರೀ ಕೆಲವು ನ್ಯಾನೋಮೀಟರ್. ಗೋಡೆಗೆ ಅಂಟಿಕೊಂಡಿರುವ ತೆಳು ನೀರಿನ ಪದರವನ್ನು ಇವು ಸಲೀಸಾಗಿ ದಾಟುತ್ತವೆ. ಎ, ಡಿ, ಇ, ಕೆ ವಿಟಮಿನ್‌ಗಳು ಒಳಗೆ ಹೋಗುವುದೂ ಹೀಗೆಯೇ. ಪಿತ್ತರಸ ಬಹಳ ದಿನ ಕರುಳಿಗೆ ಬಾರದಿದ್ದರೆ ವಿಟಮಿನ್ ಕೆ ಕೊರತೆಯಾಗಿ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಕಾಮಾಲೆ ಇರುವವರಿಗೆ ಆಪರೇಷನ್‌ಗೆ ಮುಂಚೆ ಡಾಕ್ಟರು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸುವುದಕ್ಕೆ ಇದೂ ಒಂದು ಕಾರಣ.

ಎದೆ ಉರಿ, ಹುಳಿ ತೇಗು ಬಂದ್ರೆ "ಪಿತ್ತ ಜಾಸ್ತಿ ಆಗಿದೆ" ಅಂತೀವಲ್ಲ, ಅದು ಇದೇ ರಸವಾ?

ಸಾಮಾನ್ಯವಾಗಿ ಅಲ್ಲ. ಎದೆ ಉರಿಸುವುದು ಜಠರದ ಆಮ್ಲ. ಲಿವರ್‌ನಿಂದ ಬರುವ ಪಿತ್ತರಸ ಅದಕ್ಕೆ ತದ್ವಿರುದ್ಧ, ತುಸು ಕ್ಷಾರ. ಜಠರದಿಂದ ಇಳಿದ ಆಮ್ಲದ ಖಾರ ತಗ್ಗಿಸಲು ಅದರಲ್ಲಿನ ಬೈಕಾರ್ಬನೇಟ್ ನೆರವಾಗುತ್ತದೆ. ಪಿತ್ತರಸವೇ ಹಿಮ್ಮುಖವಾಗಿ ಜಠರಕ್ಕೆ ಏರಿ ತೊಂದರೆ ಕೊಡುವುದೂ ಉಂಟು, ಆದರೆ ಅದು ಬೇರೆಯೇ ಸಮಸ್ಯೆ, ಅದರ ಚಿಕಿತ್ಸೆಯೂ ಬೇರೆ.

ವಾಂತಿ ಹಳದಿ-ಹಸಿರಾಗಿ, ಕಹಿಯಾಗಿ ಬಂತು. ಲಿವರ್ ಕೆಟ್ಟಿದೆಯಾ?

ಹೊಟ್ಟೆ ಖಾಲಿ ಇದ್ದಾಗ ಪದೇ ಪದೇ ವಾಂತಿಯಾದರೆ ಸಣ್ಣ ಕರುಳಿನಲ್ಲಿದ್ದ ಪಿತ್ತರಸ ಮೇಲಕ್ಕೆ ಬರುತ್ತದೆ. ಬಣ್ಣವೂ ಕಹಿಯೂ ಅದರದ್ದೇ. ದೊಡ್ಡವರಲ್ಲಿ ಒಂದೆರಡು ಸಲ ಹೀಗಾದರೆ ಅದರಿಂದ ಲಿವರ್ ಕೆಟ್ಟಿದೆ ಅಂತ ಹೇಳಲಾಗದು. ಹೊಟ್ಟೆ ಉಬ್ಬರ, ಬಿಡದ ನೋವು, ಮಲ-ಗಾಳಿ ಹೋಗದಿರುವುದು ಜೊತೆಗಿದ್ದರೆ ಕರುಳು ಎಲ್ಲೋ ಕಟ್ಟಿಕೊಂಡಿರಬಹುದು, ತಡಮಾಡಬೇಡಿ. ಹಸುಗೂಸಿನ ವಿಷಯ ಪೂರ್ತಿ ಬೇರೆ. ನವಜಾತ ಶಿಶು ಹಸಿರು ವಾಂತಿ ಮಾಡಿದರೆ ಕರುಳು ತಿರುಚಿಕೊಂಡಿರುವ ಸಾಧ್ಯತೆ ಇರುತ್ತದೆ. ಆಗ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

## ಹುಟ್ಟುವ ಬಗೆ

ಲಿವರ್ ರಕ್ತವನ್ನ ಸೋಸುತ್ತೆ, ಸೋಸಿ ಬಂದದ್ದೇ ಪಿತ್ತ. ಹೀಗೆ ಅರ್ಥ ಮಾಡ್ಕೊಳ್ಳಬಹುದಾ?

ಬೇಡ. ಸೋಸುವುದು ಅಂದರೆ ಒತ್ತಡದಿಂದ ದ್ರವ ಜಾಲರಿ ದಾಟಿ ಇಳಿಯುವುದು. ಮೂತ್ರಪಿಂಡದಲ್ಲಿ ನಡೆಯುವುದು ಅದು. ಪಿತ್ತರಸ ಹಾಗಲ್ಲ, ಅದನ್ನು ಲಿವರ್ ಜೀವಕೋಶಗಳು ಶಕ್ತಿ ಖರ್ಚು ಮಾಡಿ ತಯಾರಿಸುತ್ತವೆ.

ಹತ್ತಿರದಿಂದ ನೋಡೋಣ. ಅಕ್ಕಪಕ್ಕದ ಎರಡು ಲಿವರ್ ಕೋಶಗಳು ಒಂದಕ್ಕೊಂದು ಒತ್ತಿ ನಿಂತಿವೆ. ಅವುಗಳ ನಡುವೆ ಸುಮಾರು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಅಗಲದ ಸಂದು ಇದೆ. ಇದೇ ಪಿತ್ತದ ಮೊದಲ ದಾರಿ. ಸಂದಿನ ಎರಡೂ ಅಂಚಿನಲ್ಲಿ ಕೋಶಗಳು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಹಾಗಾಗಿ ಪಿತ್ತ ರಕ್ತಕ್ಕೆ ಸೋರುವುದಿಲ್ಲ. ಕೋಶದ ಒಂದು ಬದಿ ರಕ್ತಕ್ಕೆ ಮುಖ ಮಾಡಿದೆ, ಇನ್ನೊಂದು ಬದಿ ಈ ಸಂದಿಗೆ. ರಕ್ತದ ಕಡೆಯಿಂದ ಪಿತ್ತ ಲವಣವನ್ನು ಒಳಗೆಳೆದುಕೊಂಡು, ಸಂದಿನ ಕಡೆ ಪಂಪ್ ಮಾಡುತ್ತದೆ. ಒಂದೊಂದು ವಸ್ತುವಿಗೂ ಬೇರೆ ಬೇರೆ ಪಂಪ್ ಇದೆ. ಪಿತ್ತ ಲವಣಕ್ಕೆ ಒಂದು, ಬಿಲಿರುಬಿನ್‌ಗೆ ಒಂದು, ಲೆಸಿಥಿನ್‌ಗೆ ಒಂದು, ಕೊಲೆಸ್ಟ್ರಾಲ್‌ಗೆ ಒಂದು. ಸಂದಿನಲ್ಲಿ ಲವಣ ಸೇರಿದಂತೆಲ್ಲ ನೀರು ಅದರ ಹಿಂದೆ ತಾನಾಗಿಯೇ ಬರುತ್ತದೆ. ನೀರಿಗೆ ಪಂಪ್ ಬೇಕಿಲ್ಲ.

ರಕ್ತ ಹರಿಯುವ ದಿಕ್ಕಿಗೆ ಎದುರಾಗಿ ಪಿತ್ತ ಹರಿಯುತ್ತದೆ. ಸಂದುಗಳು ಸೇರಿ ಸಣ್ಣ ನಾಳ, ಸಣ್ಣ ನಾಳಗಳು ಸೇರಿ ದೊಡ್ಡ ನಾಳ ಆಗುತ್ತವೆ. ದಾರಿಯಲ್ಲಿ ನಾಳದ ಒಳಪದರದ ಕೋಶಗಳು ಇನ್ನಷ್ಟು ನೀರು ಮತ್ತು ಬೈಕಾರ್ಬನೇಟ್ ಸೇರಿಸುತ್ತವೆ. ಇದಕ್ಕೆ ಆಜ್ಞೆ ಕೊಡುವುದು ಸೆಕ್ರೆಟಿನ್ ಎಂಬ ಹಾರ್ಮೋನ್. 1902ರಲ್ಲಿ ಲಂಡನ್‌ನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕಂಡುಹಿಡಿದ ಇದೇ ಸೆಕ್ರೆಟಿನ್‌ನಿಂದಾಗಿ, ರಕ್ತದ ಮೂಲಕ ಒಂದು ಅಂಗ ಇನ್ನೊಂದಕ್ಕೆ ಸುದ್ದಿ ಕಳಿಸಬಲ್ಲದು ಎಂದು ಮೊದಲು ಗೊತ್ತಾಯಿತು.

ಪಿತ್ತಕ್ಕೆ ಆ ಬಣ್ಣ ಎಲ್ಲಿಂದ ಬರುತ್ತೆ?

ಹಳೆಯ ರಕ್ತದಿಂದ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಸೆಕೆಂಡಿಗೆ ಸುಮಾರು 20 ಲಕ್ಷ ಕಣಗಳು ಸಾಯುತ್ತವೆ, ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಸತ್ತ ಕಣದ ಹಿಮೋಗ್ಲೋಬಿನ್‌ನಲ್ಲಿದ್ದ ಕಬ್ಬಿಣವನ್ನು ದೇಹ ಉಳಿಸಿಕೊಳ್ಳುತ್ತದೆ. ಉಳಿದ ಭಾಗ ಮೊದಲು ಹಸಿರು ಬಿಲಿವರ್ಡಿನ್ ಆಗುತ್ತದೆ, ಆಮೇಲೆ ಹಳದಿ ಬಿಲಿರುಬಿನ್. ಪೆಟ್ಟು ಬಿದ್ದ ಜಾಗ ನೀಲಿಗಟ್ಟಿ, ಆಮೇಲೆ ಹಸಿರಾಗಿ, ಹಳದಿಯಾಗಿ ಮಾಸುವುದನ್ನು ನೋಡಿದ್ದೀರಿ ಅಲ್ವಾ? ಅಲ್ಲಿ ಚರ್ಮದ ಕೆಳಗೆ ನಡೆಯುವುದೂ ಇದೇ ಬದಲಾವಣೆ.

ಬಿಲಿರುಬಿನ್ ನೀರಿನಲ್ಲಿ ಕರಗದು. ಲಿವರ್ ಅದಕ್ಕೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ಕರಗುವಂತೆ ಮಾಡಿ, ಪಿತ್ತಕ್ಕೆ ಸೇರಿಸುತ್ತದೆ. ದಿನಕ್ಕೆ ಸುಮಾರು 250ರಿಂದ 300 ಮಿ.ಗ್ರಾಂ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಮಾರ್ಪಡಿಸುತ್ತವೆ. ಮಲದ ಕಂದು ಬಣ್ಣ ಬರುವುದು ಅಲ್ಲಿಂದ. ಒಂದು ಸಣ್ಣ ಪಾಲು ರಕ್ತಕ್ಕೆ ಮರಳಿ ಮೂತ್ರಕ್ಕೆ ಹಳದಿ ಬಣ್ಣ ಕೊಡುತ್ತದೆ.

ಕೊಲೆಸ್ಟ್ರಾಲ್‌ಗೂ ಪಿತ್ತರಸಕ್ಕೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ. ಕೊಲೆಸ್ಟ್ರಾಲ್‌ನ ಉಂಗುರಗಳನ್ನು ಒಡೆದು ಸುಟ್ಟು ಶಕ್ತಿ ಪಡೆಯುವುದು ನಮ್ಮ ದೇಹಕ್ಕೆ ಗೊತ್ತಿಲ್ಲ. ಅದನ್ನು ಹೊರಗೆ ಕಳಿಸಲು ಇರುವ ಹೆದ್ದಾರಿ ಪಿತ್ತರಸವೇ. ಸ್ವಲ್ಪ ಕೊಲೆಸ್ಟ್ರಾಲ್ ಹಾಗೆಯೇ ಪಿತ್ತಕ್ಕೆ ಇಳಿಯುತ್ತದೆ. ಇನ್ನು ಸ್ವಲ್ಪವನ್ನು ಲಿವರ್ ಪಿತ್ತಾಮ್ಲವಾಗಿ ಬದಲಿಸುತ್ತದೆ, ದಿನಕ್ಕೆ ಸುಮಾರು ಅರ್ಧ ಗ್ರಾಂ. ಮನುಷ್ಯರ ಲಿವರ್ ಮಾಡುವ ಮುಖ್ಯ ಪಿತ್ತಾಮ್ಲಗಳು ಎರಡು, ಕೋಲಿಕ್ ಆಮ್ಲ ಮತ್ತು ಕೀನೋಡಿಆಕ್ಸಿಕೋಲಿಕ್ ಆಮ್ಲ. ಇವಕ್ಕೆ ಗ್ಲೈಸಿನ್ ಅಥವಾ ಟಾರಿನ್ ಜೋಡಿಸಿದಾಗ ಇನ್ನೂ ಚೆನ್ನಾಗಿ ಕರಗುವ ಪಿತ್ತ ಲವಣ ಆಗುತ್ತದೆ. ಪಿತ್ತಾಮ್ಲಗಳ ರಚನೆಯ ಅಧ್ಯಯನಕ್ಕಾಗಿ ಜರ್ಮನಿಯ ಹೈನ್ರಿಖ್ ವೀಲಾಂಡ್ ಅವರಿಗೆ 1927ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಕೊಲೆಸ್ಟ್ರಾಲ್ ಇಳಿಸಲು ಕೊಡುವ ಕೊಲೆಸ್ಟಿರಮಿನ್ ಪುಡಿ ಇದೇ ಸಂಬಂಧವನ್ನು ಬಳಸಿಕೊಳ್ಳುತ್ತದೆ. ಅದು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದುಕೊಂಡು ಮಲದ ಜೊತೆ ಹೊರಹಾಕುತ್ತದೆ. ಕಳೆದುಹೋದದ್ದನ್ನು ತುಂಬಲು ಲಿವರ್ ರಕ್ತದಿಂದ ಇನ್ನಷ್ಟು ಕೊಲೆಸ್ಟ್ರಾಲ್ ಎಳೆದುಕೊಳ್ಳಲೇಬೇಕಾಗುತ್ತದೆ.

## ಕೂಡಿಡುವುದು, ಬಿಡುವುದು

ಲಿವರ್‌ನಿಂದ ಹೊರಟ ಪಿತ್ತ ನೇರವಾಗಿ ಕರುಳಿಗೆ ಹೋಗೋದು ಬಿಟ್ಟು ಪಿತ್ತಕೋಶಕ್ಕೆ ಯಾಕೆ ಹೋಗುತ್ತೆ?

ಮುಂದಿನ ಬಾಗಿಲು ಮುಚ್ಚಿರುವುದರಿಂದ. ಲಿವರ್‌ನ ಎಡ-ಬಲ ನಾಳಗಳು ಸೇರಿ ಒಂದು ನಾಳವಾಗುತ್ತದೆ. ಪಿತ್ತಕೋಶದ ನಾಳ ಬಂದು ಇದನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಕೆಳಗೆ ಮುಖ್ಯ ಪಿತ್ತನಾಳ. ಅದು ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಂಗೆ ತೆರೆದುಕೊಳ್ಳುವ ಕಡೆ ಒಂದು ಸ್ನಾಯುವಿನ ಉಂಗುರ ಇದೆ. ಇಟಲಿಯ ರುಜೇರೊ ಓಡಿ ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ, 1887ರಲ್ಲಿ, ಇದರ ಬಗ್ಗೆ ವಿವರವಾಗಿ ಬರೆದರು. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಊಟದ ನಡುವಿನ ಹೊತ್ತಿನಲ್ಲಿ ಈ ಉಂಗುರ ಬಿಗಿಯಾಗಿರುತ್ತದೆ. ಪಿತ್ತಕೋಶದ ಗೋಡೆ ಆಗ ಸಡಿಲ. ಹಾಗಾಗಿ ಹರಿದು ಬಂದ ಪಿತ್ತ ಹಿಂದಕ್ಕೆ ತಿರುಗಿ ಚೀಲ ಸೇರುತ್ತದೆ. ಎಲ್ಲವೂ ಅಲ್ಲ, ಒಂದಷ್ಟು ಪಾಲು ಆಗಲೂ ಕರುಳಿಗೆ ಇಳಿಯುತ್ತಿರುತ್ತದೆ.

ಅಷ್ಟೊಂದು ಪಿತ್ತ 50 ಮಿ.ಲೀ. ಚೀಲದಲ್ಲಿ ಹಿಡಿಯೋದು ಹೇಗೆ?

ನೀರು ತೆಗೆದು. ಪಿತ್ತಕೋಶದ ಒಳಪದರ ತುಂಬಾ ಮಡಿಕೆಗಳಿಂದ ಕೂಡಿದೆ. ಅಲ್ಲಿನ ಕೋಶಗಳು ಸೋಡಿಯಂ ಮತ್ತು ಕ್ಲೋರೈಡನ್ನು ಹೀರಿಕೊಳ್ಳುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಪಿತ್ತ ಲವಣ, ಬಿಲಿರುಬಿನ್, ಕೊಲೆಸ್ಟ್ರಾಲ್ ಒಳಗೇ ಉಳಿಯುತ್ತವೆ. ಹೀಗೆ ಪಿತ್ತರಸ ಸಾಮಾನ್ಯವಾಗಿ ಐದರಿಂದ ಹತ್ತು ಪಟ್ಟು ಗಟ್ಟಿಯಾಗುತ್ತದೆ. ಲಿವರ್‌ನಿಂದ ಹೊರಡುವಾಗ ಹೊನ್ನಿನ ಹಳದಿ ಇದ್ದದ್ದು ಇಲ್ಲಿ ಕಡು ಹಸಿರಾಗಿ, ಲೋಳೆಲೋಳೆಯಾಗಿ ಕಾಣುತ್ತದೆ.

ನಾನು ಎಣ್ಣೆ ಪದಾರ್ಥ ತಿಂದೆ ಅಂತ ಪಿತ್ತಕೋಶಕ್ಕೆ ಗೊತ್ತಾಗೋದು ಹೇಗೆ?

ಈ ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ಉತ್ತರ ಅಷ್ಟು ಚೆಂದ ಇದೆ. ಊಟದ ವಾಸನೆ, ರುಚಿ ಸಿಕ್ಕಾಗಲೇ ಮೆದುಳಿನಿಂದ ವೇಗಸ್ ನರದ ಮೂಲಕ ಒಂದು ಸಣ್ಣ ಸೂಚನೆ ಹೋಗುತ್ತದೆ. ಪಿತ್ತಕೋಶ ಸ್ವಲ್ಪ ಕುಗ್ಗಲು ಶುರುಮಾಡುತ್ತದೆ. ನಿಜವಾದ ಆಜ್ಞೆ ಬರುವುದು ಆಮೇಲೆ. ಜಠರದಿಂದ ಕೊಬ್ಬು, ಪ್ರೋಟೀನ್ ಡ್ಯುಯೊಡಿನಂಗೆ ಇಳಿದಾಗ ಅಲ್ಲಿನ ಗೋಡೆಯಲ್ಲಿ ಚದುರಿ ಕೂತಿರುವ ವಿಶೇಷ ಕೋಶಗಳು ಅದನ್ನು ಗುರುತಿಸಿ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. 1928ರಲ್ಲಿ ಅಮೆರಿಕದ ಐವಿ ಮತ್ತು ಓಲ್ಡ್‌ಬರ್ಗ್ ಇದನ್ನು ಪತ್ತೆಮಾಡಿ ಹೆಸರಿಟ್ಟರು.

ಈ ಒಂದು ಹಾರ್ಮೋನ್ ಏಕಕಾಲಕ್ಕೆ ನಾಲ್ಕು ಕಡೆ ಕೆಲಸ ಮಾಡುತ್ತದೆ. ಪಿತ್ತಕೋಶವನ್ನು ಹಿಂಡುತ್ತದೆ. ಓಡಿ ಉಂಗುರವನ್ನು ಸಡಿಲಿಸುತ್ತದೆ. ಪ್ಯಾಂಕ್ರಿಯಾಸ್‌ನಿಂದ ಕಿಣ್ವಗಳನ್ನು ಹೊರಡಿಸುತ್ತದೆ. ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ, ಇಲ್ಲದಿದ್ದರೆ ಪಿತ್ತ ಬರುವ ಮೊದಲೇ ಕೊಬ್ಬೆಲ್ಲ ಮುಂದೆ ಸಾಗಿಬಿಟ್ಟೀತು. ಜಿಡ್ಡಿನ ಊಟ ಮಾಡಿದಾಗ ಬಹಳ ಹೊತ್ತು ಹಸಿವಾಗದಿರುವುದಕ್ಕೆ ಇದೂ ಒಂದು ಕಾರಣ. ಸುಮಾರು ಒಂದು ಗಂಟೆಯೊಳಗೆ ಪಿತ್ತಕೋಶ ತನ್ನಲ್ಲಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳಿಸಿರುತ್ತದೆ. ಕೊಬ್ಬು ಮುಂದೆ ಸರಿದ ಮೇಲೆ ಹಾರ್ಮೋನ್ ಇಳಿಯುತ್ತದೆ, ಉಂಗುರ ಬಿಗಿಯುತ್ತದೆ, ಚೀಲ ಮತ್ತೆ ತುಂಬತೊಡಗುತ್ತದೆ.

ಹೊಟ್ಟೆ ಸ್ಕ್ಯಾನಿಗೆ ಏನೂ ತಿನ್ನದೆ ಬನ್ನಿ ಅಂತಾರಲ್ಲ, ಸುಮ್ನೆ ಹೇಳ್ತಾರಾ?

ಸುಮ್ನೆ ಅಲ್ಲ. ಆರೆಂಟು ಗಂಟೆ ತಿನ್ನದಿದ್ದರೆ ಪಿತ್ತಕೋಶ ತುಂಬಿ ಉಬ್ಬಿರುತ್ತದೆ. ಆಗ ಒಳಗಿನ ಕಲ್ಲು, ಗೋಡೆಯ ದಪ್ಪ ಸ್ಪಷ್ಟವಾಗಿ ಕಾಣುತ್ತದೆ. ತಿಂದು ಹೋದರೆ ಅದು ಮುದುಡಿಕೊಂಡು ಏನೂ ಸರಿಯಾಗಿ ತಿಳಿಯುವುದಿಲ್ಲ. ಹೊಟ್ಟೆಯಲ್ಲಿ ಗಾಳಿ ಕಡಿಮೆ ಇರುವುದೂ ಅನುಕೂಲವೇ.

ಕೆಲಸ ಮುಗಿದ ಮೇಲೆ ಆ ಪಿತ್ತರಸ ಮಲದಲ್ಲಿ ಹೊರಟುಹೋಗುತ್ತಾ?

ಬಣ್ಣ ಹೋಗುತ್ತದೆ, ಪಿತ್ತ ಲವಣ ಹೆಚ್ಚೂಕಡಿಮೆ ಪೂರ್ತಿ ವಾಪಸ್ ಬರುತ್ತದೆ. ಸಣ್ಣ ಕರುಳಿನ ಕೊನೆಯ ಭಾಗ, ಇಲಿಯಂ, ಸುಮಾರು ಶೇ. 95ನ್ನು ಹೀರಿಕೊಂಡು ಪೋರ್ಟಲ್ ರಕ್ತನಾಳದ ಮೂಲಕ ಲಿವರ್‌ಗೆ ಮರಳಿಸುತ್ತದೆ. ಲಿವರ್ ಅದನ್ನೇ ಮತ್ತೆ ಪಿತ್ತಕ್ಕೆ ತುಂಬುತ್ತದೆ. ಇಡೀ ದೇಹದಲ್ಲಿ ಇರುವ ಪಿತ್ತ ಲವಣ ಬರೀ 2ರಿಂದ 4 ಗ್ರಾಂ. ಅಷ್ಟೇ ಲವಣ ದಿನಕ್ಕೆ ಹಲವಾರು ಸುತ್ತು ಹೊಡೆದು ಮೂರು ಹೊತ್ತಿನ ಊಟದ ಕೊಬ್ಬನ್ನೆಲ್ಲ ನಿಭಾಯಿಸುತ್ತದೆ. ನಿಮ್ಮ ಬೆಳಗಿನ ತಿಂಡಿಗೆ ದುಡಿದ ಅಣುವೇ ರಾತ್ರಿ ಊಟಕ್ಕೂ ದುಡಿಯುತ್ತದೆ!

ಇಲಿಯಂ ಭಾಗವನ್ನು ಕಾಯಿಲೆಗಾಗಿ ಕತ್ತರಿಸಿ ತೆಗೆದವರಲ್ಲಿ ಈ ಸುತ್ತು ತುಂಡಾಗುತ್ತದೆ. ಪಿತ್ತ ಲವಣ ದೊಡ್ಡ ಕರುಳಿಗೆ ನುಗ್ಗಿ ನೀರಿನಂಥ ಭೇದಿ ತರುತ್ತದೆ. ಇನ್ನೊಂದು ವಿಷಯ. ಮರಳಿ ಬಂದ ಪಿತ್ತ ಲವಣವನ್ನು ರಕ್ತದಿಂದ ಲಿವರ್ ಕೋಶಕ್ಕೆ ಎಳೆದುಕೊಳ್ಳುವ ಬಾಗಿಲೇ ಹೆಪಟೈಟಿಸ್ ಬಿ ವೈರಸ್‌ಗೂ ಬಾಗಿಲು ಎಂದು 2012ರಲ್ಲಿ ಗೊತ್ತಾಯಿತು. ಆ ವೈರಸ್ ಲಿವರನ್ನೇ ಯಾಕೆ ಹಿಡಿಯುತ್ತದೆ ಎಂಬುದಕ್ಕೆ ಇದು ದೊಡ್ಡ ಸುಳಿವು.

## ಕೆಟ್ಟಾಗ ಏನಾಗುತ್ತದೆ

ಪಿತ್ತಕೋಶದಲ್ಲಿ ಕಲ್ಲು ಯಾಕೆ ಆಗುತ್ತೆ?

ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ. ಪಿತ್ತ ಲವಣ ಮತ್ತು ಲೆಸಿಥಿನ್ ಅದನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಟ್ಟಿರುತ್ತವೆ. ಕೊಲೆಸ್ಟ್ರಾಲ್ ಅವುಗಳ ಶಕ್ತಿ ಮೀರಿ ಜಾಸ್ತಿಯಾದರೆ ಸಣ್ಣ ಹರಳಾಗಿ ಬೇರ್ಪಡುತ್ತದೆ. ಪಿತ್ತಕೋಶ ಚೆನ್ನಾಗಿ ಹಿಂಡಿ ಖಾಲಿ ಮಾಡುತ್ತಿದ್ದರೆ ಆ ಹರಳು ಹೊರಟುಹೋಗುತ್ತಿತ್ತು. ಸೋಮಾರಿಯಾಗಿದ್ದರೆ ಲೋಳೆಗೆ ಅಂಟಿಕೊಂಡು ಅಲ್ಲೇ ಬೆಳೆಯುತ್ತದೆ. ಗರ್ಭಿಣಿಯರಲ್ಲಿ ಎರಡೂ ಒಟ್ಟಿಗೆ ಆಗುತ್ತವೆ. ಈಸ್ಟ್ರೋಜನ್ ಪಿತ್ತದಲ್ಲಿ ಕೊಲೆಸ್ಟ್ರಾಲ್ ಏರಿಸುತ್ತದೆ, ಪ್ರೊಜೆಸ್ಟರಾನ್ ಪಿತ್ತಕೋಶವನ್ನು ನಿಧಾನ ಮಾಡುತ್ತದೆ. ಹೆಂಗಸರಲ್ಲಿ ಕಲ್ಲು ಜಾಸ್ತಿ ಕಾಣುವುದು ಇದಕ್ಕೇ.

ಇನ್ನೊಂದು ಬಗೆ ಬಣ್ಣದ ಕಲ್ಲು. ಕುಡಗೋಲು ಕಣದ ರೋಗದ ಹಾಗೆ ರಕ್ತಕಣಗಳು ಬೇಗ ಬೇಗ ಒಡೆಯುವ ಕಾಯಿಲೆಯಲ್ಲಿ ಬಿಲಿರುಬಿನ್ ಜಾಸ್ತಿಯಾಗಿ ಕಪ್ಪು ಕಲ್ಲು ಕಟ್ಟುತ್ತದೆ. ನಾಳದಲ್ಲಿ ಸೋಂಕು ತಗುಲಿದರೆ ಕಂದು ಕಲ್ಲು.

ತೂಕ ಇಳಿಸೋಕೆ ಊಟ ಬಿಟ್ಟೆ, ಕಲ್ಲು ಆಯ್ತು. ಕೊಬ್ಬು ತಿನ್ನದೆ ಇದ್ದರೂ ಹೀಗ್ಯಾಕೆ?

ಕೊಬ್ಬು ತಿನ್ನದೆ ಇದ್ದದ್ದೂ ಕಾರಣದಲ್ಲಿ ಒಂದು. ತೂಕ ಭರ್ರನೆ ಇಳಿಯುವಾಗ ಮೈಯ ಕೊಬ್ಬಿನಲ್ಲಿದ್ದ ಕೊಲೆಸ್ಟ್ರಾಲ್ ಕರಗಿ ಲಿವರ್ ಸೇರಿ, ಅಲ್ಲಿಂದ ಪಿತ್ತಕ್ಕೆ ಬರುತ್ತದೆ. ಇತ್ತ ಊಟದಲ್ಲಿ ಕೊಬ್ಬು ಇಲ್ಲದ ಕಾರಣ ಹಿಂಡುವ ಆಜ್ಞೆ ಬರುವುದಿಲ್ಲ. ಕೊಲೆಸ್ಟ್ರಾಲ್ ತುಂಬಿದ ಪಿತ್ತ ನಿಂತಲ್ಲೇ ನಿಲ್ಲುತ್ತದೆ. ತೂಕ ಇಳಿಸಬೇಕಾದರೆ ನಿಧಾನವಾಗಿ ಇಳಿಸಿ, ಊಟದಲ್ಲಿ ಸ್ವಲ್ಪ ಕೊಬ್ಬು ಇರಲಿ. ತೂಕದ ಆಪರೇಷನ್ ಮಾಡಿಸಿಕೊಂಡವರಿಗೆ ಕೆಲವು ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವುದು ಇದೇ ಅಪಾಯ ತಗ್ಗಿಸಲು.

ಕಲ್ಲು ಇದೆ, ನೋವಿಲ್ಲ. ತೆಗೆಸಲೇಬೇಕಾ?

ಕಲ್ಲಿರುವ ಹೆಚ್ಚಿನವರಿಗೆ ಅದು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅಂಥವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ಕೆಲವು ವಿಶೇಷ ಸಂದರ್ಭಗಳಲ್ಲಿ ಮಾತ್ರ ಡಾಕ್ಟರು ಬೇರೆ ಸಲಹೆ ಕೊಡುತ್ತಾರೆ. ನೋವು ಶುರುವಾದರೆ ಲೆಕ್ಕ ಬದಲಾಗುತ್ತದೆ. ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ಅಥವಾ ಎದೆಗುಂಡಿಯಲ್ಲಿ ಹಿಡಿದುಕೊಂಡು, ಬೆನ್ನಿಗೆ ಅಥವಾ ಬಲ ಭುಜಕ್ಕೆ ಹರಡಿ, ಅರ್ಧ ಗಂಟೆಗಿಂತ ಜಾಸ್ತಿ ಇರುವ ನೋವು ಅದರ ಗುರುತು. ಒಮ್ಮೆ ಬಂದದ್ದು ಮತ್ತೆ ಬರುವ ಸಾಧ್ಯತೆ ಹೆಚ್ಚು. ನೋವಿನ ಜೊತೆ ಚಳಿಜ್ವರ, ಕಣ್ಣು ಹಳದಿ ಬಂದರೆ ನಾಳದಲ್ಲಿ ಕಲ್ಲು ಸಿಕ್ಕಿ ಸೋಂಕು ತಗುಲಿರಬಹುದು. ಅದು ತುರ್ತು. ಪ್ಯಾಂಕ್ರಿಯಾಸ್‌ನ ನಾಳವೂ ಅಲ್ಲೇ ತೆರೆಯುವುದರಿಂದ ಸಣ್ಣ ಕಲ್ಲೊಂದು ತುದಿಯಲ್ಲಿ ಸಿಕ್ಕಿಕೊಂಡರೆ ಪ್ಯಾಂಕ್ರಿಯಾಸ್ ಊದಿಕೊಳ್ಳುವುದೂ ಇದೆ. ಕಲ್ಲು ಚಿಕ್ಕದು ಅಂತ ಉದಾಸೀನ ಮಾಡಬೇಡಿ.

ಎಣ್ಣೆ, ನಿಂಬೆರಸ ಕುಡಿದು ಲಿವರ್ ತೊಳೆದರೆ ಕಲ್ಲು ಬೀಳುತ್ತಂತೆ. ಹಸಿರು ಉಂಡೆಗಳು ನಿಜವಾಗಿ ಬಂದವು!

ಉಂಡೆ ಬಂದದ್ದು ನಿಜ, ಆದರೆ ಅದು ಪಿತ್ತಕೋಶದ ಕಲ್ಲಲ್ಲ. ಕುಡಿದ ಎಣ್ಣೆಯೇ ಕರುಳಿನಲ್ಲಿ ಲವಣಗಳ ಜೊತೆ ಸೇರಿ ಕಟ್ಟಿದ ಮೆತ್ತನೆಯ ಉಂಡೆ, ಪಿತ್ತದ ಬಣ್ಣ ಹತ್ತಿ ಹಸಿರಾಗಿದೆ. ಬಿಸಿ ತಗುಲಿದರೆ ಅದು ಕರಗುತ್ತದೆ. ಕಲ್ಲು ಹಾಗೆ ಕರಗದು. ಅಷ್ಟು ಎಣ್ಣೆ ಒಟ್ಟಿಗೆ ಕುಡಿದರೆ ಪಿತ್ತಕೋಶ ಜೋರಾಗಿ ಹಿಂಡಿ, ಒಳಗಿರುವ ನಿಜವಾದ ಕಲ್ಲು ನಾಳಕ್ಕೆ ಬಂದು ಸಿಕ್ಕಿಕೊಳ್ಳಬಹುದು. ದಯವಿಟ್ಟು ಇದನ್ನು ಮಾಡಬೇಡಿ. ಲಿವರ್‌ಗೆ ಹೊರಗಿನಿಂದ ತೊಳೆಯುವವರು ಬೇಕಿಲ್ಲ.

ಮಲ ಬಿಳಿಚಿಕೊಂಡಿದೆ, ಮೂತ್ರ ಮಾತ್ರ ಕಡು ಬಣ್ಣ. ಇದೇನು?

ಪಿತ್ತರಸದ ದಾರಿ ಕಟ್ಟಿರುವ ಸೂಚನೆ. ಬಿಲಿರುಬಿನ್ ಕರುಳಿಗೆ ಬಾರದ ಕಾರಣ ಮಲಕ್ಕೆ ಬಣ್ಣವಿಲ್ಲ. ಅದೇ ರಕ್ತಕ್ಕೆ ಮರಳಿ ಮೂತ್ರದಲ್ಲಿ ಇಳಿಯುವುದರಿಂದ ಮೂತ್ರ ಕಡು. ಕಣ್ಣು ಹಳದಿಯಾಗಿ ಮೈ ತುರಿಕೆಯೂ ಬರಬಹುದು. ಕಲ್ಲು, ನಾಳ ಕಿರಿದಾಗಿರುವುದು, ಗಡ್ಡೆ, ಯಾವುದೂ ಕಾರಣ ಇರಬಹುದು. ಬೇಗ ತೋರಿಸಿ.

ಹಸುಗೂಸುಗಳ ತಂದೆ-ತಾಯಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ. ಹುಟ್ಟಿದ ಮಗುವಿಗೆ ಕಾಮಾಲೆ ಬಂದು ಹೋಗುವುದು ಸಾಮಾನ್ಯ. ಆದರೆ ಎರಡು ವಾರ ದಾಟಿಯೂ ಹಳದಿ ಇಳಿಯದೆ, ಮಲ ಬಿಳಿಚಿದ್ದರೆ ಪಿತ್ತನಾಳವೇ ಮುಚ್ಚಿಹೋಗಿರುವ ಬಿಲಿಯರಿ ಅಟ್ರೀಸಿಯಾ ಇರಬಹುದು. ಜಪಾನಿನ ಮೊರಿಯೊ ಕಸಾಯ್ 1950ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆ ಇದಕ್ಕಿದೆ. ಮಗುವಿಗೆ 60 ದಿನ ತುಂಬುವ ಮೊದಲು ಮಾಡಿದರೆ ಫಲ ಸಿಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಮಗುವಿನ ಮಲದ ಬಣ್ಣವನ್ನು ದಿನಾ ಗಮನಿಸಿ.

ಪಿತ್ತಕೋಶ ತೆಗೆಸಿದ ಮೇಲೆ ಕೊಬ್ಬು ಜೀರ್ಣ ಆಗೋದು ಹೇಗೆ?

ಲಿವರ್ ಇದೆಯಲ್ಲ, ಅದು ಪಿತ್ತ ಮಾಡುತ್ತಲೇ ಇರುತ್ತದೆ. ಕೂಡಿಡುವ ಜಾಗ ಇಲ್ಲದ್ದರಿಂದ ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳಿಯುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಮಾಮೂಲಿ ಊಟ ಒಗ್ಗುತ್ತದೆ. ಮೊದಮೊದಲು ಒಂದೇ ಸಲ ಜಿಡ್ಡು ಜಾಸ್ತಿ ತಿನ್ನದಿರುವುದು ಒಳ್ಳೆಯದು. ಕೆಲವರಿಗೆ ಭೇದಿ ಉಳಿದುಬಿಡುತ್ತದೆ, ಅದಕ್ಕೆ ಔಷಧಿ ಇದೆ, ಸಹಿಸಿಕೊಂಡು ಕೂರಬೇಕಿಲ್ಲ. ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್ 1882ರಲ್ಲಿ ಮೊದಲ ಬಾರಿ ಪಿತ್ತಕೋಶ ತೆಗೆದರು. ಕಲ್ಲನ್ನಷ್ಟೇ ತೆಗೆದರೆ ಸಾಲದು, ಕಲ್ಲು ಹುಟ್ಟುವ ಚೀಲವನ್ನೇ ತೆಗೆಯಬೇಕು ಎಂಬುದು ಅವರ ವಾದ. ಲ್ಯಾಪರೋಸ್ಕೋಪ್ ಬಳಸಿ ಸಣ್ಣ ರಂಧ್ರಗಳ ಮೂಲಕ ಮೊದಲು ತೆಗೆದವರು ಜರ್ಮನಿಯ ಎರಿಖ್ ಮ್ಯೂಹೆ, 1985ರಲ್ಲಿ.

## ಇನ್ನೂ ಆಳಕ್ಕೆ ಹೋಗಬೇಕೆನ್ನುವವರಿಗೆ

ಕುದುರೆಗೆ ಪಿತ್ತಕೋಶವೇ ಇಲ್ವಂತೆ, ನಿಜವಾ?

ನಿಜ. ಇಲಿಗೂ ಇಲ್ಲ, ಪಾರಿವಾಳಕ್ಕೂ ಇಲ್ಲ. ಸುಂಡಿಲಿಗೆ ಇದೆ! ಕುದುರೆ ದಿನವಿಡೀ ಮೇಯುವುದರಿಂದ ಕೂಡಿಡುವ ಅಗತ್ಯ ಇಲ್ಲ ಅನ್ನುವ ವಿವರಣೆ ಚೆನ್ನಾಗಿದೆ. ಆದರೆ ಹಾಗೆಯೇ ಮೇಯುವ ಹಸುವಿಗೆ ಪಿತ್ತಕೋಶ ಇದೆ. ಹಾಗಾಗಿ ಆ ವಿವರಣೆಯೊಂದನ್ನೇ ನಂಬಿ ಕೂರಲು ನನಗೆ ಮನಸ್ಸಿಲ್ಲ.

ಎಷ್ಟು ಪಿತ್ತಾಮ್ಲ ಹೊಸದಾಗಿ ಮಾಡಬೇಕು ಅಂತ ಲಿವರ್‌ಗೆ ಯಾರು ಹೇಳ್ತಾರೆ?

ಪಿತ್ತಾಮ್ಲವೇ ಹೇಳುತ್ತದೆ. ಕೋಶದೊಳಗೆ ಪಿತ್ತಾಮ್ಲವನ್ನು ಗುರುತಿಸುವ ಒಂದು ಗ್ರಾಹಕ ಇದೆ, ಹೆಸರು ಎಫ್‌ಎಕ್ಸ್‌ಆರ್. ಅದು ಪಿತ್ತಾಮ್ಲದ ಗ್ರಾಹಕ ಎಂದು 1999ರಲ್ಲಿ ಗೊತ್ತಾಯಿತು. ಇಲಿಯಂ ಪಿತ್ತಾಮ್ಲವನ್ನು ಹೀರಿಕೊಂಡಾಗ ಅಲ್ಲಿನ ಎಫ್‌ಎಕ್ಸ್‌ಆರ್ ಎಚ್ಚೆತ್ತು ಎಫ್‌ಜಿಎಫ್19 ಎಂಬ ಹಾರ್ಮೋನನ್ನು ಹೊರಡಿಸುತ್ತದೆ. ಅದು ಲಿವರ್ ತಲುಪಿ, ಕೊಲೆಸ್ಟ್ರಾಲನ್ನು ಪಿತ್ತಾಮ್ಲ ಮಾಡುವ ಮೊದಲ ಕಿಣ್ವವನ್ನು ತಗ್ಗಿಸುತ್ತದೆ. ಮರಳಿ ಬಂದದ್ದು ಜಾಸ್ತಿ ಇದ್ದರೆ ತಯಾರಿ ಕಡಿಮೆ, ಕಡಿಮೆ ಬಂದರೆ ತಯಾರಿ ಜಾಸ್ತಿ. ಹೀಗಾಗಿ ಪಿತ್ತಾಮ್ಲ ಬರೀ ಜೀರ್ಣಕ್ಕೆ ನೆರವಾಗುವ ವಸ್ತುವಲ್ಲ, ಸುದ್ದಿ ಒಯ್ಯುವ ವಸ್ತುವೂ ಹೌದು. ಪಿತ್ತನಾಳದ ಕೆಲವು ಕಾಯಿಲೆಗಳಿಗೆ ಈಗ ಈ ಸುದ್ದಿಯ ಸರಪಳಿಯನ್ನೇ ಗುರಿಮಾಡಿ ಔಷಧಿಗಳು ಬರುತ್ತಿವೆ.

ಕೊಬ್ಬನ್ನೇ ಚೂರು ಮಾಡುವ ರಸ ಪಿತ್ತನಾಳದ ಗೋಡೆಯನ್ನ ಯಾಕೆ ಕರಗಿಸಲ್ಲ?

ಜೀವಕೋಶದ ಹೊದಿಕೆಯೂ ಕೊಬ್ಬಿನಿಂದಲೇ ಆದದ್ದು, ಹಾಗಾಗಿ ಈ ಅನುಮಾನ ಸರಿಯಾದದ್ದೇ. ಬರೀ ಪಿತ್ತ ಲವಣ ಹರಿದಿದ್ದರೆ ನಾಳದ ಗೋಡೆ ಖಂಡಿತ ಹಾಳಾಗುತ್ತಿತ್ತು. ಅದಕ್ಕೇ ಲಿವರ್ ಅದರ ಜೊತೆಗೆ ಲೆಸಿಥಿನ್ ಬೆರೆಸಿ ಕಳಿಸುತ್ತದೆ. ಎರಡೂ ಸೇರಿ ಗುಂಪು ಕಟ್ಟಿದಾಗ ಪಿತ್ತ ಲವಣ ಗೋಡೆಯ ತಂಟೆಗೆ ಹೋಗುವುದು ಕಡಿಮೆ. ನಾಳದ ಒಳಪದರ ಬಿಡುವ ಬೈಕಾರ್ಬನೇಟ್ ಇನ್ನೊಂದು ರಕ್ಷಣೆ. ಕ್ಷಾರದ ವಾತಾವರಣದಲ್ಲಿ ಪಿತ್ತಾಮ್ಲಕ್ಕೆ ಕೋಶದೊಳಗೆ ನುಸುಳುವುದು ಕಷ್ಟ. ಪಿತ್ತಕೋಶದಲ್ಲಿ ಲೋಳೆಯ ಪದರ ಕಾಯುತ್ತದೆ.

ಇದಕ್ಕೆ ಸಾಕ್ಷಿ ಒಂದು ಅಪರೂಪದ ಅನುವಂಶಿಕ ಕಾಯಿಲೆ. ಲೆಸಿಥಿನ್ ಸಾಗಿಸುವ ಪಂಪ್‌ನ ಜೀನ್ ಕೆಟ್ಟಿರುವ ಮಕ್ಕಳಲ್ಲಿ ಪಿತ್ತ ಲವಣ ಬರುತ್ತದೆ, ಲೆಸಿಥಿನ್ ಬರುವುದಿಲ್ಲ. ಅವರ ಪಿತ್ತನಾಳಗಳು ಚಿಕ್ಕ ವಯಸ್ಸಿನಲ್ಲೇ ಊದಿಕೊಂಡು ಹಾಳಾಗುತ್ತವೆ, ಕೆಲವರಿಗೆ ಲಿವರ್ ಕಸಿಯೇ ಬೇಕಾಗುತ್ತದೆ. ಅದೇ ಜೀನ್‌ನ ಒಂದು ಪ್ರತಿ ಮಾತ್ರ ಕೆಟ್ಟಿರುವ ದೊಡ್ಡವರಲ್ಲಿ ಚಿಕ್ಕ ಪ್ರಾಯಕ್ಕೇ ಕೊಲೆಸ್ಟ್ರಾಲ್ ಕಲ್ಲು ಕಾಣಿಸಿಕೊಳ್ಳಬಹುದು, ಪಿತ್ತಕೋಶ ತೆಗೆದ ಮೇಲೂ ನೋವು ಮರಳಬಹುದು. ನಲವತ್ತು ತುಂಬುವ ಮೊದಲೇ ಕಲ್ಲಾಗಿ, ಆಪರೇಷನ್ ಆದ ಮೇಲೂ ನೋವು ಬಿಡದಿದ್ದರೆ, ಮನೆಯಲ್ಲಿ ಬೇರೆಯವರಿಗೂ ಹೀಗೇ ಆಗಿದ್ದರೆ, ಆ ವಿಷಯವನ್ನು ಡಾಕ್ಟರಿಗೆ ಹೇಳಿ. ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಇಂಥವರಲ್ಲಿ ಅನೇಕರಿಗೆ ಉಪಯೋಗಕ್ಕೆ ಬರುತ್ತದೆ.